ಬುರ್ರಕಥೆಗೆ ಸರ್ಕಾರಗಳು ಹೆದರಿದ್ದ ಕಾಲ

ಬೆಂಗಳೂರಿಂದ ವೀಕೆಂಡಿಗೆ ಹೊರಟ ನಾವು ನಾಲ್ಕು ಜನ ಹೊಸಪೇಟೆ ದಾಟಿ ಹಂಪಿ ಕಡೆ ಹೋಗ್ತಿದ್ವಿ. ಕಾರಿನಲ್ಲಿ ಮಾತು ಹಾಡುಗಳ ಮೇಲೆ ಹೊರಳಿತು. 2023ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶದ ಪೊಲೀಸರು ನೇಹಾ ಸಿಂಗ್ ರಾಠೋಡ್ ಅನ್ನೋ ಭೋಜಪುರಿ ಗಾಯಕಿಯ ಮನೆಗೆ ಹೋಗಿ ನೋಟಿಸ್ ಕೊಟ್ಟರಲ್ಲ, ಅದು. ಯೂಟ್ಯೂಬಿಗೆ ಹಾಕಿದ ಒಂದು ಜನಪದ ಧಾಟಿಯ ಹಾಡಿಗೆ ಪೊಲೀಸ್ ನೋಟಿಸ್. ಅದಕ್ಕೂ ಮುಂಚೆ, 2015ರ ಅಕ್ಟೋಬರ್ ಕೊನೆಗೆ, ತಮಿಳುನಾಡಿನಲ್ಲಿ ಕೋವನ್ ಅನ್ನೋ ಹಾಡುಗಾರನನ್ನ ತಿರುಚಿರಾಪಳ್ಳಿಯ ಮನೆಯಿಂದ ರಾತ್ರೋರಾತ್ರಿ ಹಿಡಿದುಕೊಂಡು ಹೋಗಿದ್ದರು. ಸರ್ಕಾರವೇ ನಡೆಸುವ ಮದ್ಯದಂಗಡಿಗಳನ್ನ ಮುಚ್ಚಿ ಅಂತ ಹಾಡಿದ್ದಕ್ಕೆ ರಾಜದ್ರೋಹದ ಕೇಸು.

ಹಿಂದಿನ ಸೀಟಿನಲ್ಲಿದ್ದ ಗೆಳೆಯ ಮಂಗಳೂರಿನವನು. "ನಿಮ್ಮ ಬಳ್ಳಾರಿ ಕಡೆ ಗಣಿ ಗಲಾಟೆ ಬಿಟ್ರೆ ಇಂಥದ್ದೆಲ್ಲ ಆಗೇ ಇಲ್ವಾ ಮಾರಾಯ?" ಅಂತ ಕೇಳಿದ. ನಮ್ಮೂರು ಹೊಸಪೇಟೆ ಆಗಿರೋದ್ರಿಂದ ಆ ಪ್ರಶ್ನೆ ನನಗೇ ಬಂತು.

ಆಗಿದೆ. ಒಂದು ಹಾಡಿಗಲ್ಲ, ಒಂದು ಆಲ್ಬಂಗೂ ಅಲ್ಲ. ಒಂದು ಇಡೀ ಹಾಡಿನ ಪ್ರಕಾರಕ್ಕೇ ಎರಡೆರಡು ಸರ್ಕಾರಗಳು ಹೆದರಿ ಬಾಗಿಲು ಹಾಕಿದ್ದವು. ಆ ಎರಡು ಸರ್ಕಾರಗಳ ಗಡಿ ನಾವು ಫೋಟೋ ತೆಗೆಸಿಕೊಳ್ಳೋ ಇದೇ ತುಂಗಭದ್ರೆ. ಆ ಪ್ರಕಾರದ ಹೆಸರು ಬುರ್ರಕಥೆ.

ಅಲ್ಲಿ ಕಾರಿನಲ್ಲಿ ಅರ್ಧಕ್ಕೆ ನಿಂತ ಆ ಮಾತನ್ನ ಇಲ್ಲಿ ಪೂರ್ತಿ ಮಾಡ್ತೀನಿ.

ಹಂಪಿಗೆ ಬರೋರಲ್ಲಿ ಅರ್ಧ ಜನಕ್ಕೆ ದರೋಜಿ ಗೊತ್ತು. ಅಲ್ಲಿ ಕರಡಿಧಾಮ ಇದೆ. ಸಂಜೆ ಹೊತ್ತು ವಾಚ್‌ಟವರ್ ಮೇಲೆ ಕೂತು, ಬಂಡೆ ಮೇಲೆ ಕರಡಿ ಬರೋದನ್ನ ಕಾಯ್ತಾರೆ. ಅದೇ ಹೆಸರಿನ ಊರು ಸಂಡೂರು ತಾಲ್ಲೂಕಿಗೆ ಸೇರಿದ್ದು. ಕರಡಿ ನೋಡಿ ಬಂದವರಿಗೆ ಆ ಊರಿನಲ್ಲಿ ಈರಮ್ಮ ಅನ್ನೋ ಒಬ್ಬ ಹೆಣ್ಣುಮಗಳಿದ್ದಳು ಅಂತ ಯಾರೂ ಹೇಳಿರಲ್ಲ. ಬುರ್ರಕಥಾ ಈರಮ್ಮ ಅಂತಲೇ ಹೆಸರು. 1930ರ ಸುಮಾರಿಗೆ ಹುಟ್ಟಿ 2014ರ ಆಗಸ್ಟಿನಲ್ಲಿ ತೀರಿಕೊಂಡರು. ಬುಡ್ಗ ಜಂಗಮ ಅನ್ನೋ ಅಲೆಮಾರಿ ಸಮುದಾಯ. ಮನೆ ಮಾತು ತೆಲುಗು, ಊರೂರು ತಿರುಗಿ ಕಥೆ ಹಾಡಿ ಬೇಡೋದು ಬದುಕು. ಓದು ಬರಹ ಬರ್ತಿರಲಿಲ್ಲ. ಆದ್ರೆ 12 ಕಾವ್ಯಗಳು ಬಾಯಲ್ಲಿದ್ದವು. ಅವನ್ನೆಲ್ಲ ಬರೆದಿಟ್ಟರೆ ಸುಮಾರು 7,000 ಪುಟ, 2 ಲಕ್ಷ ಸಾಲು ಆಗುತ್ತೆ ಅಂತ ಅವರ ಬಗ್ಗೆ ಬರೆದವರು ಲೆಕ್ಕ ಕೊಡ್ತಾರೆ. ನಮಗೆ ಅಮ್ಮನ ಫೋನ್ ನಂಬರ್ ಬಾಯಲ್ಲಿ ಬರಲ್ಲ.

ಬುರ್ರಕಥೆ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಮೂರು ಜನ ಬೇಕು. ನಡುವೆ ನಿಂತು ಕಥೆ ಹೇಳುವವರ ಕೈಯಲ್ಲಿ ತಂಬೂರಿ, ಬೆರಳಿಗೆ ಸದ್ದು ಮಾಡುವ ಉಂಗುರ. ಎಡಕ್ಕೂ ಬಲಕ್ಕೂ ಒಬ್ಬೊಬ್ಬರು ಚರ್ಮದ ವಾದ್ಯ ಹಿಡಿದು ಹಿಮ್ಮೇಳ ಕೊಡ್ತಾರೆ. ಈರಮ್ಮನ ಮೇಳದಲ್ಲಿ ಮೂವರೂ ಮನೆಯ ಹೆಣ್ಣುಮಕ್ಕಳೇ. ಒಂದು ಕಥೆ ಮುಗಿಯೋಕೆ ರಾತ್ರಿಗಳೇ ಬೇಕು. ಹಾಡು, ಮಾತು, ಮತ್ತೆ ಹಾಡು. ನಡುನಡುವೆ ಹಿಮ್ಮೇಳದವರು ಪ್ರಶ್ನೆ ಕೇಳ್ತಾರೆ, ಕಾಲೆಳೀತಾರೆ, ಹೂಂಗುಡ್ತಾರೆ.

ತೆಲುಗು ನಾಡಿನಲ್ಲಿ ಬೆಳೆದ ಬುರ್ರಕಥೆಯಲ್ಲಿ ಈ ಇಬ್ಬರು ಹಿಮ್ಮೇಳದವರಿಗೆ ಬೇರೆ ಬೇರೆ ಕೆಲಸ. ಒಬ್ಬರದ್ದು ಹಾಸ್ಯ. ಇನ್ನೊಬ್ಬರ ಪಾತ್ರಕ್ಕೆ ಹೆಸರೇ ರಾಜಕೀಯ. ಕಥೆ ಯಾವ ರಾಜನದ್ದಾದರೂ ಆಗಿರಲಿ, ಆ ಮನುಷ್ಯ ನಡುವೆ ಬಾಯಿ ಹಾಕಿ ಇವತ್ತಿನ ಕಂದಾಯ, ಇವತ್ತಿನ ಅಕ್ಕಿ ರೇಟು, ಇವತ್ತಿನ ಅಮಲ್ದಾರರ ಬಗ್ಗೆ ಮಾತಾಡಬಹುದು. ಜನಪದ ಹಾಡಿಗೆ ಯಾಕ್ರೀ ರಾಜಕೀಯ ಅಂತ ಕೇಳೋರು ಇದನ್ನ ಗಮನಿಸಬೇಕು. ಇಲ್ಲಿ ರಾಜಕೀಯ ಹೊರಗಿಂದ ನುಗ್ಗಿದ್ದಲ್ಲ. ವೇದಿಕೆಯ ಮೇಲೆ ಅದಕ್ಕೇ ಒಂದು ಜಾಗ, ಒಬ್ಬ ಮನುಷ್ಯ.

ಈಗ 1940ರ ದಶಕದ ನಮ್ಮ ಊರುಗಳ ನಕ್ಷೆಯನ್ನ ಒಮ್ಮೆ ಕಣ್ಮುಂದೆ ತಂದುಕೊಳ್ಳಿ. ಹೊಸಪೇಟೆ, ಹಂಪಿ, ಕಂಪ್ಲಿ ಇದ್ದಿದ್ದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿ, ಅಂದ್ರೆ ನೇರ ಬ್ರಿಟಿಷರ ಆಳ್ವಿಕೆ. ಹರಿಗೋಲಿನಲ್ಲಿ ಹೊಳೆ ದಾಟಿ ಆನೆಗೊಂದಿಗೋ ಗಂಗಾವತಿಗೋ ಹೋದ್ರೆ ಅದು ಹೈದರಾಬಾದ್ ನಿಜಾಮರ ರಾಜ್ಯ. ಈ ಕಡೆ ಗುಡ್ಡ ಹತ್ತಿ ಸಂಡೂರಿಗೆ ಇಳಿದ್ರೆ ಅದು ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. ಇವತ್ತು ಬೈಕಿನಲ್ಲಿ ಒಂದು ಬೆಳಿಗ್ಗೆ ಸುತ್ತಿ ಬರಬಹುದಾದ ಜಾಗದಲ್ಲಿ ಮೂರು ಆಡಳಿತ. ಈರಮ್ಮನಂಥವರು ಇದೇ ದಾರಿಗಳಲ್ಲಿ ಕಥೆ ಹೊತ್ತು ತಿರುಗಿದವರು. ಅವರಿಗೆ ಬೇಕಾಗಿದ್ದು ಸುಗ್ಗಿ ಮುಗಿದ ಕಣ, ಜಾತ್ರೆ ನಡೆಯೋ ಊರು.

ಇದೇ ಹೊತ್ತಿಗೆ ಪೂರ್ವಕ್ಕೆ, ಗುಂಟೂರಿನ ಕಡೆ, ಕಮ್ಯುನಿಸ್ಟರಿಗೆ ಬುರ್ರಕಥೆ ಕಣ್ಣಿಗೆ ಬಿತ್ತು. ಕರಪತ್ರ ಹಂಚಿದ್ರೆ ಓದೋರು ಕಡಿಮೆ. ಭಾಷಣ ಮಾಡಿದ್ರೆ ಅರ್ಧ ಗಂಟೆಗೆ ಜನ ಎದ್ದು ಹೋಗ್ತಾರೆ. ಬುರ್ರಕಥೆ ಹಾಡಿದ್ರೆ ರಾತ್ರಿಯಿಡೀ ಕೂರ್ತಾರೆ. 1943ರಲ್ಲಿ ಹುಟ್ಟಿದ ಪ್ರಜಾ ನಾಟ್ಯ ಮಂಡಲಿ ಈ ಹಳೇ ಪ್ರಕಾರವನ್ನ ಎತ್ತಿಕೊಂಡು ಅದರೊಳಗೆ ಹೊಸ ಕಥೆ ತುಂಬಿತು. ಆ ವರ್ಷ ಬಂಗಾಳದಲ್ಲಿ ಘೋರ ಬರ. ಸುಮಾರು 30 ಲಕ್ಷ ಜನ ಸತ್ತರು ಅಂತ ಅಂದಾಜು. ಅದೂ ಬುರ್ರಕಥೆಯಾಯ್ತು. ಅಲ್ಲೂರಿ ಸೀತಾರಾಮರಾಜು ಬುರ್ರಕಥೆಯಾದ. ಪಲ್ನಾಡಿನ ಯುದ್ಧ, ಬೊಬ್ಬಿಲಿಯ ಯುದ್ಧ ಹೊಸ ಅರ್ಥ ಪಡಕೊಂಡವು.

ಈ ಹೊಸ ಬುರ್ರಕಥೆಯ ದೊಡ್ಡ ಹೆಸರು ಷೇಕ್ ನಾಜರ್. ಗುಂಟೂರು ಜಿಲ್ಲೆಯ ಬಡ ಮುಸ್ಲಿಂ ಮನೆಯಲ್ಲಿ 1920ರಲ್ಲಿ ಹುಟ್ಟಿದ ಮನುಷ್ಯ. ಪಲ್ನಾಡಿನ ವೀರರ ಕಥೆಯನ್ನ ಇವರು ಹಾಡಿದ್ರೆ ಸಾವಿರಾರು ಜನ ಸೇರ್ತಿದ್ರಂತೆ. ಹಾಡೋನ ಧರ್ಮ ಯಾವುದು ಅನ್ನೋ ಪ್ರಶ್ನೆಗಿಂತ ಹಾಡಿನೊಳಗಿನ ಜಮೀನ್ದಾರ ಯಾರು ಅನ್ನೋದು ಆಗ ಮುಖ್ಯವಾಗಿತ್ತು.

ಸರ್ಕಾರಗಳಿಗೂ ಅದೇ ಮುಖ್ಯವಾಯ್ತು. ಮದ್ರಾಸ್ ಪ್ರಾಂತ್ಯದಲ್ಲಿ ಬ್ರಿಟಿಷ್ ಸರ್ಕಾರ ಬುರ್ರಕಥೆಯನ್ನ ನಿಷೇಧಿಸಿತು. ಹೈದರಾಬಾದಿನಲ್ಲಿ ನಿಜಾಮರ ಸರ್ಕಾರವೂ ನಿಷೇಧಿಸಿತು. ಅಂದ್ರೆ ನಮ್ಮ ಹೊಳೆಯ ಈ ದಂಡೆಯಲ್ಲೂ ಹಾಡೋ ಹಾಗಿಲ್ಲ, ಆ ದಂಡೆಯಲ್ಲೂ ಹಾಡೋ ಹಾಗಿಲ್ಲ. ಈ ಎರಡು ಸರ್ಕಾರಗಳಿಗೆ ತುಂಗಭದ್ರೆಯ ನೀರಿನ ವಿಷಯದಲ್ಲಿ ವರ್ಷಗಟ್ಟಲೆ ತಕರಾರು ನಡೆದಿತ್ತು. ಹೊಸಪೇಟೆ ಪಕ್ಕದ ಅಣೆಕಟ್ಟೆಗೆ ಒಪ್ಪಿ ಕೆಲಸ ಶುರುವಾಗೋ ಹೊತ್ತಿಗೆ 1945 ಆಗಿತ್ತು. ಹಾಡು ನಿಲ್ಲಿಸೋ ವಿಷಯದಲ್ಲಿ ಮಾತ್ರ ಇಬ್ಬರ ಬುದ್ಧಿಯೂ ಒಂದೇ ಕಡೆ ಓಡಿತು.

ಇಲ್ಲಿ ಒಂದು ಮಾತು ಸ್ಪಷ್ಟ ಇರಲಿ. ಆ ಆದೇಶಗಳ ಗುರಿ ಈರಮ್ಮನ ಮನೆಯಂಥ ಅಲೆಮಾರಿ ಮೇಳಗಳಲ್ಲ, ಕಮ್ಯುನಿಸ್ಟರ ದಳಗಳು. ಆದ್ರೆ ಕಮ್ಯುನಿಸ್ಟರು ಎತ್ತಿಕೊಂಡಿದ್ದು ಇಂಥ ಜಂಗಮರು ತಲೆಮಾರುಗಳಿಂದ ಹೊತ್ತು ತಂದ ಪ್ರಕಾರವನ್ನೇ. ಅದರ ಶಕ್ತಿ ಏನು ಅಂತ ಅವರಿಗೂ ಗೊತ್ತಾಯ್ತು, ಅವರನ್ನ ಹಿಡಿಯೋಕೆ ಬಂದ ಸರ್ಕಾರಕ್ಕೂ ಗೊತ್ತಾಯ್ತು.

ಸ್ವಾತಂತ್ರ್ಯ ಬಂದ ಮೇಲೆ ಎಲ್ಲ ಸರಿ ಹೋಯ್ತು ಅಂದುಕೊಂಡ್ರಾ? ಸುಂಕರ ಸತ್ಯನಾರಾಯಣ ಮತ್ತು ವಾಸಿರೆಡ್ಡಿ ಭಾಸ್ಕರರಾವ್ ಸೇರಿ ಬರೆದ 'ಮಾ ಭೂಮಿ' ನಾಟಕ ತೆಲಂಗಾಣದ ರೈತರ ಹೋರಾಟದ ಕುರಿತಾದದ್ದು. ಆಂಧ್ರದ ಹಳ್ಳಿಗಳಲ್ಲಿ ಹತ್ತಾರು ದಳಗಳು ಅದನ್ನ ಆಡಿದವು. ಅದಕ್ಕೆ ನಿಷೇಧ ಹಾಕಿದ್ದು ಬ್ರಿಟಿಷರಲ್ಲ, ಮದ್ರಾಸಿನ ಕಾಂಗ್ರೆಸ್ ಸರ್ಕಾರ. ನಿಜಾಮನ ವಿರುದ್ಧದ ನಾಟಕವನ್ನ ನಿಜಾಮನ ವಿರೋಧಿಗಳೇ ನಿಲ್ಲಿಸಿದ್ರು. ಇದಾದ ಕೆಲವೇ ಸಮಯದಲ್ಲಿ, 1948ರ ಸೆಪ್ಟೆಂಬರಿನಲ್ಲಿ, ಭಾರತದ ಸೇನೆ ಹೈದರಾಬಾದಿಗೆ ಹೋಗಿ ನಿಜಾಮರ ಆಳ್ವಿಕೆ ಮುಗಿಸಿತು. 1949ರಲ್ಲಿ ಸಂಡೂರು ಮದ್ರಾಸಿಗೆ ಸೇರಿತು. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿಯ 7 ತಾಲ್ಲೂಕು ಮೈಸೂರಿಗೆ ಬಂದವು. ನಮ್ಮ ಅಜ್ಜ ಅಜ್ಜಿಯರು ಊರು ಬಿಟ್ಟು ಕದಲದೆ ಎರಡು ಮೂರು ಸರ್ಕಾರ ಬದಲಾಯಿಸಿದ ಜನ. ಹಾಡಿನ ಭಯ ಮಾತ್ರ ಪ್ರತಿ ಸಲವೂ ಹೊಸ ಸರ್ಕಾರಕ್ಕೆ ಚಾರ್ಜ್ ಕೊಟ್ಟು ಹೋಯ್ತು.

ಇಷ್ಟು ಹೆದರೋಕೆ ಹಾಡಿನಲ್ಲಿ ಅಂಥದ್ದೇನಿತ್ತು?

ಬ್ರಿಟಿಷರ ಹತ್ತಿರ 1876ರಲ್ಲೇ ನಾಟಕ ಪ್ರದರ್ಶನ ಕಾಯ್ದೆ ಅನ್ನೋ ಕಾನೂನಿತ್ತು. ಬಂಗಾಳದ ನಾಟಕಗಳಿಂದ ಬೆಚ್ಚಿ ಮಾಡಿಕೊಂಡದ್ದು. ತಮಾಷೆ ಅಂದ್ರೆ 2018ರವರೆಗೂ ಅದು ನಮ್ಮ ಕಾನೂನು ಪುಸ್ತಕದಲ್ಲಿ ಉಳಿದಿತ್ತು. ಇಂಥ ಕಾನೂನಿಗೆ ಅನುಕೂಲ ಆಗೋದು ಕಾಗದ. ನಾಟಕದ ಹಸ್ತಪ್ರತಿ ತರಿಸಿಕೊಳ್ಳಬಹುದು, ಕೆಂಪು ಇಂಕಿನಲ್ಲಿ ಗೀಟು ಹಾಕಬಹುದು, ಈ ಸಾಲು ಬೇಡ ಅನ್ನಬಹುದು. ಆಲ್ಬಂ ಕೂಡ ಹಾಗೇ. ಒಮ್ಮೆ ರೆಕಾರ್ಡ್ ಆದ್ರೆ ಹಾಡು ಕೂತಲ್ಲಿ ಕೂರುತ್ತೆ. ಇಷ್ಟನೇ ನಿಮಿಷ, ಇಷ್ಟನೇ ಸೆಕೆಂಡು, ಈ ಪದ ಅಂತ ದೂರು ಬರೆಯಬಹುದು.

ಓದು ಬರಹ ಬಾರದ ಹೆಣ್ಣುಮಗಳು ಬಾಯಲ್ಲಿ ಹಾಡೋ ಕಥೆಗೆ ಹಸ್ತಪ್ರತಿ ಎಲ್ಲಿಂದ ತರ್ತೀರಿ? ಇವತ್ತು ಕಂಪ್ಲಿಯಲ್ಲಿ ಹಾಡಿದ ಹಾಗೆ ನಾಳೆ ಸಂಡೂರಿನಲ್ಲಿ ಹಾಡಬೇಕು ಅಂತ ಇಲ್ಲ. ಕೇಳೋರು ಯಾರು ಅನ್ನೋದನ್ನ ನೋಡಿ ಒಂದು ಕಡೆ ಉದ್ದ ಮಾಡ್ತಾಳೆ, ಒಂದು ಕಡೆ ಗಿಡ್ಡ ಮಾಡ್ತಾಳೆ. ಗೌಡರು ಎದುರಿಗೆ ಕೂತಿದ್ರೆ ಒಂದು ಥರ, ಅವರು ಎದ್ದು ಹೋದ ಮೇಲೆ ಇನ್ನೊಂದು ಥರ. ಇದನ್ನ ತಿದ್ದೋದು ಸಾಧ್ಯ ಇಲ್ಲ. ನಿಲ್ಲಿಸೋದೊಂದೇ ದಾರಿ. ಹಾಗಾಗಿ ಒಂದು ಹಾಡನ್ನ ಬಿಟ್ಟು ಹಾಡಿನ ಪ್ರಕಾರಕ್ಕೇ ಕೈ ಹಾಕಿದ್ರು ಅಂತ ನನಗೆ ಅನ್ನಿಸುತ್ತೆ.

ಇಷ್ಟೆಲ್ಲ ಆದ ಮೇಲೆ ನಡೆದದ್ದೇನು ಗೊತ್ತಾ? ಸನ್ಮಾನ.

ನಾಜರ್ ಅವರಿಗೆ 1986ರಲ್ಲಿ ಪದ್ಮಶ್ರೀ ಬಂತು. ಈರಮ್ಮನಿಗೆ 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರ ಕಾವ್ಯಗಳನ್ನ ಬರೆಸಿ ಅಚ್ಚು ಹಾಕಿತು, ನಾಡೋಜ ಗೌರವ ಕೊಟ್ಟಿತು. 1991ರಲ್ಲಿ ಶುರುವಾದ ಆ ವಿಶ್ವವಿದ್ಯಾಲಯ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು. ಆ ಪುಸ್ತಕಗಳು ಇಲ್ಲದೇ ಹೋಗಿದ್ರೆ 2014ರಲ್ಲಿ ಈರಮ್ಮನ ಜೊತೆಗೇ ಅಷ್ಟೂ ಪುಟ ಮಣ್ಣಾಗ್ತಿತ್ತು. ಅದರಲ್ಲಿ ಎರಡು ಮಾತಿಲ್ಲ.

ಆದ್ರೂ ನನಗೊಂದು ಕಸಿವಿಸಿ ಇದೆ. ನಿಷೇಧದ ಕಾಲದಲ್ಲಿ ಸರ್ಕಾರ ಕನಿಷ್ಠ ಹಾಡನ್ನ ಪೂರ್ತಿ ಕೇಳ್ತಿತ್ತು. ಹಾಡು ಏನು ಹೇಳ್ತಿದೆ ಅಂತ ಪೊಲೀಸರು ಕಿವಿಗೊಟ್ಟು ಕೂರ್ತಿದ್ರು. ಈಗ ಉತ್ಸವದ ವೇದಿಕೆ ಮೇಲೆ ಜನಪದ ಕಲಾವಿದರಿಗೆ ಸಿಗೋದು ಹತ್ತೋ ಹದಿನೈದೋ ನಿಮಿಷ. ಶಾಲು, ಹಾರ, ಹಣ್ಣಿನ ಬುಟ್ಟಿ, ಮುಂದಿನ ಕಾರ್ಯಕ್ರಮ. ರಾತ್ರಿಗಟ್ಟಲೆ ನಡೆಯೋ ಕಥೆಯಲ್ಲಿ ಹದಿನೈದು ನಿಮಿಷಕ್ಕೆ ಗಣೇಶನ ಸ್ತುತಿ ಮುಗಿದಿರುತ್ತೆ ಅಷ್ಟೇ. ಹೊಸಪೇಟೆಯವನಾದ ನಾನೂ ಒಂದೇ ಒಂದು ಬುರ್ರಕಥೆಯನ್ನ ಮೊದಲಿಂದ ಕೊನೆವರೆಗೆ ಕೂತು ಕೇಳಿಲ್ಲ. ಕೇಳದೇ ಇರೋದಕ್ಕೆ ಯಾವ ಆದೇಶವೂ ಬೇಕಾಗಲಿಲ್ಲ.

ಪೂರ್ತಿ ಕೇಳಿದ್ರೆ ಏನಾಗುತ್ತೆ ಅನ್ನೋದಕ್ಕೆ ಈರಮ್ಮ ಹಾಡ್ತಿದ್ದ ಕಾವ್ಯಗಳಲ್ಲಿ ಒಂದನ್ನ ತಗೊಳ್ಳೋಣ. ಕುಮಾರರಾಮ. ಶಿವರಾಜ್‌ಕುಮಾರ್ ಅವರ 'ಗಂಡುಗಲಿ ಕುಮಾರರಾಮ' ಸಿನಿಮಾ 2006ರಲ್ಲಿ ಬಂದಿದ್ದು ಕೆಲವರಿಗೆ ನೆನಪಿರಬಹುದು. ಇವನು ನಮ್ಮ ಕಂಪ್ಲಿಯವನು. ಇವನ ತಂದೆ ಕಂಪಿಲರಾಯ. ಕೋಟೆ ಇದ್ದಿದ್ದು ಹೊಳೆಯಾಚೆ ಕುಮ್ಮಟದುರ್ಗದಲ್ಲಿ. ನೀವು ಹಂಪಿಯ ಹೇಮಕೂಟಕ್ಕೆ ಸೂರ್ಯಾಸ್ತ ನೋಡೋಕೆ ಹೋದಾಗ ಒರಗಿಕೊಂಡು ಕೂರ್ತೀರಲ್ಲ, ಮೆಟ್ಟಿಲು ಮೆಟ್ಟಿಲಾದ ಕಲ್ಲಿನ ಗೋಪುರದ ಗುಡಿಗಳು, ಅದರಲ್ಲಿ ಒಂದು ಮೂರು ಗರ್ಭಗುಡಿಯ ಶಿವಾಲಯವನ್ನ ಕಟ್ಟಿಸಿದವನು ಇದೇ ಕಂಪಿಲದೇವ. ತಂದೆ ತಾಯಿಯ ನೆನಪಿಗೆ ಕಟ್ಟಿಸಿದ್ದು ಅಂತ ಅಲ್ಲಿಯ ಶಾಸನ ಹೇಳುತ್ತೆ. ವಿಜಯನಗರ ಹುಟ್ಟೋದಕ್ಕೂ ಮುಂಚಿನ ಹಂಪಿ ಅದು.

ಕುಮಾರರಾಮನ ಕಥೆಯನ್ನ 16ನೇ ಶತಮಾನದಲ್ಲಿ ನಂಜುಂಡ ಕವಿ ಸಾಂಗತ್ಯದಲ್ಲಿ ಬರೆದ. ಅದರ ಆಚೆಗೆ ಬಾಯಿಂದ ಬಾಯಿಗೆ ಹರಿದ ಪಾಠಗಳು ಎಷ್ಟೋ. ಎಲ್ಲ ಕಡೆ ಕಥೆ ಒಂದೇ ಥರ ಇಲ್ಲ, ಆದ್ರೆ ಮೂಳೆ ಒಂದೇ. ಮಲತಾಯಿ ರತ್ನಾಜಿ ರಾಮನನ್ನ ಬಯಸ್ತಾಳೆ. ರಾಮ ಒಪ್ಪಲ್ಲ. ಅವಳು ಗಂಡನ ಹತ್ತಿರ ಸುಳ್ಳು ದೂರು ಹೇಳ್ತಾಳೆ. ಮಗನ ತಲೆ ತೆಗೆಸು ಅಂತ ರಾಜ ಆಜ್ಞೆ ಮಾಡ್ತಾನೆ. ಮಂತ್ರಿ ಬೈಚಪ್ಪ ಆಜ್ಞೆ ಮೀರಿ ರಾಮನನ್ನ ನೆಲಮಾಳಿಗೆಯಲ್ಲಿ ಬಚ್ಚಿಡ್ತಾನೆ. ದಿಲ್ಲಿಯ ಸೈನ್ಯ ಬಂದಾಗ ರಾಮ ಹೊರಗೆ ಬಂದು ಹೋರಾಡ್ತಾನೆ. ದಿಲ್ಲಿಯ ಸುಲ್ತಾನನ ಮಗಳು ಬಾಬಮ್ಮ ಅವನ ಮೇಲೆ ಮನಸ್ಸಿಟ್ಟಿರ್ತಾಳೆ. ಕೊನೆಗೆ ದಿಲ್ಲಿ ಸೈನ್ಯದ ಮುಂದೆ ನಿಂತು ರಾಮನ ತಲೆ ತೆಗೆಯೋಕೆ ಬರೋದೂ ಒಬ್ಬ ಹೆಣ್ಣೇ, ಮಾತಂಗಿ. ರಾಮನ ಮರದ ತಲೆಗಳನ್ನ ಇವತ್ತಿಗೂ ಪೂಜೆ ಮಾಡೋ ಊರುಗಳಿವೆ.

ಇನ್ನು ಇತಿಹಾಸ. ಮಹಮ್ಮದ್ ಬಿನ್ ತುಘಲಕ್‌ನ ಸೋದರ ಸಂಬಂಧಿ ಬಹಾಉದ್ದೀನ್ ಗುರ್ಷಾಸ್ಪ್. ಇವತ್ತಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದವನು. ಸುಲ್ತಾನನ ಮೇಲೆ ದಂಗೆಯೆದ್ದು ಸೋತು, ಓಡಿ ಬಂದು ಕಂಪಿಲರಾಯನ ಆಶ್ರಯ ಕೇಳಿದ. ರಾಯ ಕೊಟ್ಟ. ಅವನನ್ನ ಒಪ್ಪಿಸು ಅಂತ ದಿಲ್ಲಿಯಿಂದ ಸೈನ್ಯದ ಮೇಲೆ ಸೈನ್ಯ ಬಂದರೂ ಒಪ್ಪಿಸಲಿಲ್ಲ. ಕೊನೆಗೆ ಉಳಿಯೋ ದಾರಿ ಇಲ್ಲ ಅಂತ ಗೊತ್ತಾದಾಗ, ಅತಿಥಿಯನ್ನ ಹೊಯ್ಸಳ ಬಲ್ಲಾಳನ ಕಡೆಗೆ ಕಳಿಸಿ, ಹೆಂಗಸರು ಬೆಂಕಿಗೆ ಬಿದ್ದ ಮೇಲೆ, ಕೋಟೆ ಬಾಗಿಲು ತೆಗೆದು ಹೋರಾಡಿ ಸತ್ತ. ಇದು 1327ರ ಸುಮಾರು. ಬಲ್ಲಾಳ ಆ ಅತಿಥಿಯನ್ನ ದಿಲ್ಲಿಗೆ ಒಪ್ಪಿಸಿದ. ಸುಲ್ತಾನ ಅವನ ಚರ್ಮ ಸುಲಿಸಿದ. ಇದನ್ನೆಲ್ಲ ಬರೆದಿಟ್ಟವನು ಮೊರಾಕ್ಕೊದಿಂದ ಬಂದ ಪ್ರವಾಸಿ ಇಬ್ನ್ ಬತೂತ. ಕಂಪಿಲರಾಯನ ಮಕ್ಕಳು ಸೆರೆಸಿಕ್ಕು ಮುಸ್ಲಿಮರಾಗಿ ತುಘಲಕ್‌ನ ಆಸ್ಥಾನದಲ್ಲಿದ್ದರು, ಅವರಲ್ಲಿ ಒಬ್ಬನ ಜೊತೆ ತನಗೆ ಗೆಳೆತನವಿತ್ತು ಅಂತಲೂ ಅವನು ಬರೀತಾನೆ. ಕನ್ನಡದ ಸಾಂಗತ್ಯಗಳಲ್ಲೂ ದಿಲ್ಲಿಯಿಂದ ಓಡಿಬಂದ ಬಹಾದ್ದೂರ ಅನ್ನೋನಿಗೆ ಆಶ್ರಯ ಕೊಡುವ ಪ್ರಸಂಗ ಇದೆ.

ಒಂದು ಸಲ ಸಮಾಧಾನವಾಗಿ ಯೋಚಿಸಿ. ಕಂಪ್ಲಿಯ ಹಿಂದೂ ರಾಜ, ದಿಲ್ಲಿಯ ಮುಸ್ಲಿಂ ಸುಲ್ತಾನನ ವಿರುದ್ಧ ಹೋರಾಡಿ ಸತ್ತ. ಯಾಕೆ ಸತ್ತ? ಮನೆಗೆ ಬಂದ ಒಬ್ಬ ಮುಸ್ಲಿಮನನ್ನ ಬಿಟ್ಟುಕೊಡಲ್ಲ ಅಂತ ಸತ್ತ. ಈ ವಾಕ್ಯದ ಮೊದಲ ಅರ್ಧ ಒಂದು ಗುಂಪಿನ ಭಾಷಣಕ್ಕೆ ಸರಿಹೊಂದುತ್ತೆ, ಎರಡನೇ ಅರ್ಧ ಇನ್ನೊಂದು ಗುಂಪಿನ ಭಾಷಣಕ್ಕೆ. ಎರಡನ್ನೂ ಒಟ್ಟಿಗೆ ಹೇಳಿದ್ರೆ ಯಾವ ಭಾಷಣಕ್ಕೂ ಆಗಲ್ಲ.

ಈಗ ಇದೇ ಕಥೆಯನ್ನ ಹೊಸಪೇಟೆಯ ಯಾರೋ ಹುಡುಗಿ ಒಂದು ಆಲ್ಬಂ ಮಾಡಿ ಬಿಡ್ತಾಳೆ ಅಂತ ಅಂದುಕೊಳ್ಳಿ. ಸುಲ್ತಾನನ ಮಗಳು ನಮ್ಮ ವೀರನನ್ನ ಬಯಸೋ ಭಾಗಕ್ಕೆ ಒಬ್ಬರಿಗೆ ಸಿಟ್ಟು. ಮಾತಂಗಿಯನ್ನ ಕೊಲೆಗಾರ್ತಿಯಾಗಿ ತೋರಿಸಿದ್ದಕ್ಕೆ ಇನ್ನೊಬ್ಬರಿಗೆ ಸಿಟ್ಟು, ಅದರಲ್ಲಿ ನ್ಯಾಯವೂ ಇದೆ. ಆಶ್ರಯದ ಕಥೆಗೆ ಮತ್ತೊಬ್ಬರು "ಇತಿಹಾಸ ತಿರುಚಿದ್ದಾರೆ" ಅಂತಾರೆ. ರಾಜನ ಆಜ್ಞೆ ಮೀರಿದ ಮಂತ್ರಿಯನ್ನ ಹೊಗಳಿದ್ದಕ್ಕೆ ಯಾವುದೋ ಮಂತ್ರಿಗೇ ಅನುಮಾನ ಬರಬಹುದು. ಮೂವತ್ತು ಸೆಕೆಂಡಿನ ನಾಲ್ಕು ತುಣುಕು ಸಾಕು, ನಾಲ್ಕು ದೂರಿಗೆ.

ಇದೇನೂ ಹೊಸ ರೋಗ ಅಲ್ಲ. 1929ರಲ್ಲೇ ಎನ್. ವೆಂಕಟರಮಣಯ್ಯ 'ಕಂಪಿಲಿ ಮತ್ತು ವಿಜಯನಗರ' ಅಂತ ಇಂಗ್ಲಿಷಿನಲ್ಲಿ ಪುಸ್ತಕ ಬರೆದು ವಿಜಯನಗರದ ಬೇರನ್ನ ಕಂಪಿಲಿಯ ಕಡೆ ಹುಡುಕಿದ್ರು. ಅದೇ ವರ್ಷ ಫಾದರ್ ಹೆರಾಸ್ ಆ ಬೇರು ಹೊಯ್ಸಳರಲ್ಲಿದೆ ಅಂತ ಬರೆದ್ರು. ಹಕ್ಕ ಬುಕ್ಕರು ತೆಲುಗರೋ ಕನ್ನಡಿಗರೋ ಅನ್ನೋ ಜಗಳ ಅಲ್ಲಿಂದ ದಶಕಗಟ್ಟಲೆ ನಡೀತು. ಬಳ್ಳಾರಿ ಯಾರಿಗೆ ಸೇರಬೇಕು ಅನ್ನೋ ಜಗಳ ನಡೀತಿದ್ದ ಕಾಲವೂ ಅದೇ. ಈ ಜಗಳ ಹೊತ್ತಿ ಉರಿಯುವಾಗ ಎರಡೂ ಭಾಷೆ ಬಲ್ಲ ಬುಡ್ಗ ಜಂಗಮರು ಕನ್ನಡ ಊರಿನಲ್ಲಿ ಕನ್ನಡದ ಕಥೆ ಹಾಡಿಕೊಂಡು, ಮನೆಗೆ ಬಂದು ತೆಲುಗು ಮಾತಾಡಿಕೊಂಡು ಇದ್ದರು. ಅವರನ್ನ ಯಾರೂ ಸಾಕ್ಷಿಗೆ ಕರೀಲಿಲ್ಲ.

ವಿವಾದ ಅಂದ್ರೆ ನಮಗೆ ಆಲ್ಬಂ, ಟ್ರೈಲರ್, ಟ್ವೀಟು ಅಷ್ಟೇ ಕಾಣುತ್ತೆ. ಈರಮ್ಮನ ಸಮುದಾಯದ ಸುತ್ತ ಇರೋ ನಿಜವಾದ ರಾಜಕೀಯ ವಿವಾದ ಹಾಡಿನದ್ದಲ್ಲ, ಹೆಸರಿನದ್ದು. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಬೇಡ ಜಂಗಮ, ಬುಡ್ಗ ಜಂಗಮ ಅಂತ ಇದೆ. ವೀರಶೈವ ಜಂಗಮರಲ್ಲಿ ಕೆಲವರು ನಾವೇ ಬೇಡ ಜಂಗಮರು, ನಮಗೂ ಪ್ರಮಾಣಪತ್ರ ಕೊಡಿ ಅಂತ ವರ್ಷಗಳಿಂದ ಹೋರಾಟ ಮಾಡ್ತಿದ್ದಾರೆ. ದಲಿತ ಸಂಘಟನೆಗಳು ಅದನ್ನ ವಿರೋಧಿಸ್ತಿವೆ. ವಿಧಾನಸೌಧದಿಂದ ಕೋರ್ಟಿನವರೆಗೆ ಈ ಹೆಸರಿನ ಮೇಲೆ ವಾದ ನಡೆದಿದೆ. ಯಾರು ನಿಜವಾಗಿ ಆ ಸಮುದಾಯ ಅಂತ ಪತ್ತೆ ಹಚ್ಚೋಕೆ ಕಾಗದ ಕೇಳ್ತಾರೆ. ಅಲೆಮಾರಿಗಳ ಹತ್ತಿರ ಕಡಿಮೆ ಇರೋದೇ ಕಾಗದ. ಅಜ್ಜನ ಶಾಲೆ ದಾಖಲಾತಿ ಇಲ್ಲ, ಹೊಲದ ಪಹಣಿ ಇಲ್ಲ, ಒಂದೇ ಊರಿನಲ್ಲಿ ಇದ್ದ ಗುರುತೂ ಇಲ್ಲ.

ನನಗೆ ಇಡೀ ಕಥೆ ಇಲ್ಲಿ ಬಂದು ಗಂಟು ಬಿದ್ದ ಹಾಗೆ ಕಾಣುತ್ತೆ. ಕಾಗದ ಇಲ್ಲ ಅನ್ನೋದು ಹಾಡಿಗೆ ಬಲ ಆಗಿತ್ತು. ಕಾಗದ ಇಲ್ಲ ಅನ್ನೋದೇ ಹಾಡಿದವರಿಗೆ ಸಂಕಟ ಆಗಿದೆ. 7,000 ಪುಟದ ಕಾವ್ಯ ಬಾಯಲ್ಲಿಟ್ಟುಕೊಂಡ ಮನೆತನದ ಮಕ್ಕಳು ಒಂದು ಪುಟದ ಸರ್ಟಿಫಿಕೇಟಿಗೆ ತಾಲ್ಲೂಕು ಕಚೇರಿ ಮುಂದೆ ನಿಲ್ಲಬೇಕು. ಹಾಡಿಗೆ ನಾವು ಕೊಟ್ಟ ಮರ್ಯಾದೆ ಆ ಕೌಂಟರಿನ ತನಕ ಹೋಗಿಲ್ಲ.

ನೇಹಾ ಹಾಡಿಗೆ, ಕೋವನ್ ಹಾಡಿಗೆ ಆದ ಗಲಾಟೆ ನೋಡಿ ನಾವು ಅಭಿವ್ಯಕ್ತಿ ಸ್ವಾತಂತ್ರ್ಯದ ಬಗ್ಗೆ ಮಾತಾಡ್ತೀವಿ. ಮಾತಾಡಲೇಬೇಕು. ಹಾಡಿದ್ದಕ್ಕೆ ಪೊಲೀಸರು ಬಾಗಿಲು ತಟ್ಟೋದು ಯಾವ ಕಾಲದಲ್ಲೂ ಸರಿಯಲ್ಲ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳೋಣ. ಯಾವ ಗಲಾಟೆಯೂ ಇಲ್ಲದೆ ಪ್ರಶಸ್ತಿ ಪಡೆದ ಹಾಡುಗಳಿವೆಯಲ್ಲ, ಅವು ನಿಜವಾಗಿ ಯಾರನ್ನೂ ಕೆಣಕಲಿಲ್ವಾ? ಅಥವಾ ನಾವು ಅವನ್ನ ಕೇಳಲೇ ಇಲ್ವಾ? ಕುಮಾರರಾಮನ ಕಥೆ ಕೇಳಿದ ಮೇಲೆ ನನ್ನ ಉತ್ತರ ಎರಡನೆಯದು.

ಅವತ್ತು ಸಂಜೆ ನಾವು ಹೇಮಕೂಟಕ್ಕೆ ಹೋದ್ವಿ. ಮಂಗಳೂರಿನ ಗೆಳೆಯನಿಗೆ ಕಂಪಿಲದೇವ ಕಟ್ಟಿಸಿದ ಗುಡಿ ತೋರಿಸಿ ಈ ಕಥೆಯನ್ನ ಅರ್ಧಂಬರ್ಧ ಹೇಳಿದೆ. ಅವನು ಕೇಳಿ, "ಹಾಗಾದ್ರೆ ಆ ಈರಮ್ಮನ ಹಾಡು ಎಲ್ಲಿ ಸಿಗುತ್ತೆ? ಹಾಕು, ಕೇಳೋಣ" ಅಂದ. ಫೋನಿನಲ್ಲಿ ಹುಡುಕಿದೆ. ಬಂಡೆಗಳ ನಡುವೆ ನೆಟ್‌ವರ್ಕ್ ಸರಿ ಇರಲಿಲ್ಲ, ಚಕ್ರ ಸುತ್ತುತ್ತಾ ನಿಂತಿತು. ಮುಂದಿನ ಸಲ ಬಂದಾಗ ಕರಡಿ ನೋಡೋಕೆ ಇಟ್ಟುಕೊಂಡ ಸಂಜೆಯಲ್ಲಿ ದರೋಜಿ ಊರಿನೊಳಗೂ ಒಂದು ಸುತ್ತು ಹೋಗಿ, ಯಾರಾದ್ರೂ ಹಾಡೋರಿದ್ರೆ ರಾತ್ರಿ ಕೂತು ಪೂರ್ತಿ ಕೇಳಿಯೇ ಬರೋದು ಅಂತ ಅಲ್ಲೇ ಮಾತಾಯ್ತು. ಡಿಸೆಂಬರಿಗೆ ರಜೆ ಹಾಕಿದ್ದೀವಿ.